ಕಿಟಕಿ ಮೊದಲು, ಗೋಡೆ ಆಮೇಲೆ

1/10

"ಬೆಂಗಳೂರಿನ ಯಾವುದೋ ಆಫೀಸಿನ ಹಳೇ ಗಾಜು ತಂದು ಶೆಡ್ಡಿಗೆ ಹಾಕಿದ್ದೀರಂತೆ, ಯಾಕೆ?" ಅಂತ ನಮ್ಮ ಕ್ಲಾಸಿನ ಅರ್ಧ ಜನ ಕೇಳಿದ್ದೀರಿ. ಉತ್ತರ ಒಂದು ಕ್ಯಾಪ್ಶನ್‌ನಲ್ಲಿ ಮುಗಿಯಲ್ಲ. ಅದಕ್ಕೆ ಹತ್ತು ಭಾಗ. ನಿಧಾನವಾಗಿ ಓದಿ. ಸಿವಿಲ್ ಓದ್ತಿರೋರು, ಮನೆ ರಿಪೇರಿ ಮಾಡಿಸ್ತಿರೋರು, ಬರೀ ಮಂಜಿನ ಫೋಟೊ ನೋಡೋಕೆ ಬಂದೋರು, ಎಲ್ಲರಿಗೂ ಏನಾದರೊಂದು ಸಿಗುತ್ತೆ.

ನಮ್ಮ ಮನೆ ಇರೋದು ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯಲ್ಲಿ, ಕಾಫಿ ತೋಟದ ಅಂಚಿಗೆ. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ. ನಾವು ಅದಕ್ಕಿಂತ ಚೂರು ಕೆಳಗೆ, ಫೋನ್ ತೋರಿಸೋ ಪ್ರಕಾರ ಸುಮಾರು 1,300. ನಿಮಗೆ ಈ ಕಡೆ ಅಂದ್ರೆ ಝಡ್ ಪಾಯಿಂಟ್, ಹೆಬ್ಬೆ ಜಲಪಾತ, ಜೀಪು, ಮಂಜು. ನಮಗೆ ಮಂಜು ಅಂದ್ರೆ ಒಗೆದ ಬಟ್ಟೆ ಮೂರು ದಿನ ಒಣಗದೇ ಇರೋದು, ಬೆಂಕಿಕಡ್ಡಿ ಮೆತ್ತಗಾಗೋದು, ಮಧ್ಯಾಹ್ನ ಎರಡು ಗಂಟೆಗೇ ಮನೆಯೊಳಗೆ ಕತ್ತಲೆ ಆಗೋದು.

ಅಮ್ಮ ಟೈಲರ್. ವರ್ಷದ ದುಡಿಮೆಯ ದೊಡ್ಡ ಪಾಲು ಬರೋದು ಜೂನ್, ಜುಲೈನಲ್ಲಿ. ಸರ್ಕಾರಿ ಶಾಲೆ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಕೊಡ್ತಾರೆ, ಹೊಲಿಸಿಕೊಳ್ಳೋದು ಮನೆಯವರ ಕೆಲಸ. ಶಾಲೆ ಶುರುವಾಗೋ ಹೊತ್ತಿಗೇ ಮಳೆಯೂ ಶುರು. ಮಳೆ ಬಂತು ಅಂದ್ರೆ ಮರ ಬಿದ್ದು ತಂತಿ ಹರಿಯುತ್ತೆ, ಕರೆಂಟು ಹೋಗುತ್ತೆ. ಕೆಲಸ ಅತೀ ಹೆಚ್ಚಿರೋ ತಿಂಗಳಲ್ಲೇ ಬೆಳಕು ಅತೀ ಕಡಿಮೆ. ಹೋದ ಸಲದ ಹಿಂದಿನ ಮಳೆಗಾಲದಲ್ಲಿ ಅಮ್ಮ ಹನ್ನೊಂದು ಮನೆಯವರ ಬಟ್ಟೆ ಹೊಲಿಯದೇ ವಾಪಸ್ ಕೊಟ್ಟರು. ಆ ಮನೆಯವರು ತರೀಕೆರೆಗೆ ಹೋಗಿ ಹೊಲಿಸಿದರು. ಒಮ್ಮೆ ಹೋದ ಗಿರಾಕಿ ಮುಂದಿನ ವರ್ಷ ತಾನಾಗೇ ಬರೋದಿಲ್ಲ, ಅದು ನಿಮಗೂ ಗೊತ್ತು.

ಶೆಡ್ಡು ಕಟ್ಟಿದ್ದು ಆ ಹನ್ನೊಂದು ಮನೆಗೋಸ್ಕರ.

2/10

"ಕಿಟಕಿ ತೆಗೆದಿಟ್ಟು ಹೊಲಿದ್ರಾಯ್ತಪ್ಪ" ಅನ್ನೋರಿಗೆ ಈ ಭಾಗ.

ನಮ್ಮ ಕಡೆ ಹಳೇ ಮನೆ ಕಿಟಕಿಗೆ ಮರದ ಬಾಗಿಲು, ಮರದ ಸರಳು. ತೆಗೆದರೆ ಬೆಳಕು ಬರುತ್ತೆ, ಜೊತೆಗೆ ಮಂಜೂ ಬರುತ್ತೆ. ಮಂಜು ಅಂದ್ರೆ ನೀರು. ಬಿಳಿ ಶರ್ಟಿನ ಬಟ್ಟೆ ಎರಡು ದಿನ ತೆರೆದ ಕಿಟಕಿ ಪಕ್ಕ ಇದ್ದರೆ ಮಡಿಕೆ ಮೇಲೆ ಕಪ್ಪು ಚುಕ್ಕಿ ಬೂಷ್ಟು ಕೂರುತ್ತೆ. ಅದು ಒಗೆದರೂ ಹೋಗಲ್ಲ. ಬೇರೆಯವರ ಬಟ್ಟೆ, ಹಾಳಾದರೆ ನಾವೇ ಕೊಡಬೇಕು. ಮಷಿನ್ನಿನ ಸೂಜಿಗೂ ತುಕ್ಕು ಹಿಡಿಯುತ್ತೆ, ತುಕ್ಕಿನ ಸೂಜಿ ಬಟ್ಟೆಗೆ ಕಲೆ ಮಾಡುತ್ತೆ. ಮುಚ್ಚಿದರೆ ಬಟ್ಟೆ ಸುರಕ್ಷಿತ, ಆದರೆ ದಾರ ಪೋಣಿಸೋಕೆ ಟಾರ್ಚು ಬೇಕು.

ಇನ್ನೊಂದು ಇದೆ, ಗಾಜಿನ ಹಂಚು. ಅಡುಗೆಮನೆ ಮೇಲೆ ಹಂಚಿನ ನಡುವೆ ಒಂದೋ ಎರಡೋ ಗಾಜಿನ ಹಂಚು ಹಾಕಿರ್ತಾರಲ್ಲ, ಅದೇ. ಒಳ್ಳೆ ಉಪಾಯ. ಆದರೆ ಬೆಳಕು ನೆಲದ ಮೇಲೆ ಒಂದೇ ಕಡೆ ಬೀಳುತ್ತೆ, ಹೊತ್ತು ಏರಿದ ಹಾಗೆ ಸರಿಯುತ್ತೆ. ಅಮ್ಮ ಮಷಿನ್ನನ್ನೇ ಅದರ ಹಿಂದೆ ಎಳೆದುಕೊಂಡು ಹೋಗ್ತಿದ್ದರು. ಜುಲೈ ಹೊತ್ತಿಗೆ ಆ ಹಂಚಿನ ಮೇಲೆ ಪಾಚಿ. ಜಾರೋ ಸೂರು ಹತ್ತಿ ಉಜ್ಜೋರು ಯಾರು?

ನಮಗೆ ಬೇಕಿದ್ದದ್ದು ಇಷ್ಟೇ: ಮುಚ್ಚಿರಬೇಕು, ಬೆಳಕೂ ಬರಬೇಕು. ಅಂದ್ರೆ ಗಾಜು. ಮಾಮೂಲಿ ಒಂದೇ ಗಾಜು ಸಾಕಲ್ವಾ? ನಾನೂ ಅದೇ ಲೆಕ್ಕದಿಂದ ಶುರು ಮಾಡಿದೆ. ಲೆಕ್ಕ ಮುಂದಿನ ಭಾಗದಲ್ಲಿ.

3/10

ಒಂದು ಗಾಜು, ಎರಡು ಗಾಜು: ವ್ಯತ್ಯಾಸ ಏನು?

ಡಬಲ್ ಗ್ಲೇಜ್ಡ್ ಕಿಟಕಿ ಅಂದ್ರೆ ಎರಡು ಗಾಜು, ನಡುವೆ ಸುಮಾರು 12 ಮಿಲಿಮೀಟರ್ ಒಣಗಾಳಿ, ಸುತ್ತ ಸೀಲ್. ಕೆಲವಕ್ಕೆ ಗಾಳಿ ಬದಲು ಆರ್ಗಾನ್ ಅನಿಲ ತುಂಬಿರ್ತಾರೆ. ಅಂಚಿನಲ್ಲಿ ಕಾಣೋ ಬೆಳ್ಳಿ ಬಣ್ಣದ ಪಟ್ಟಿಗೆ ಸ್ಪೇಸರ್ ಅಂತಾರೆ. ಅದರ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಕಾಳು ಇರುತ್ತೆ. ಹೊಸ ಶೂ ಡಬ್ಬಿಯಲ್ಲಿ ಪುಟ್ಟ ಪೊಟ್ಟಣ ಬರುತ್ತಲ್ಲ, ಆ ಜಾತಿಯದು. ಅಮ್ಮ ಇದಕ್ಕೆ ಜೋಡಿಗಾಜು ಅಂತ ಹೆಸರಿಟ್ಟಿದ್ದಾರೆ. ನಾನೂ ಹಾಗೇ ಬರೀತೀನಿ.

ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್ ಒಂಟಿಗಾಜಿನ ಮೂಲಕ ಸುಮಾರು 5.7 ವ್ಯಾಟ್ ಶಾಖ ಆಚೆ ಹೋಗುತ್ತೆ. ಸಾದಾ ಜೋಡಿಗಾಜಿನಲ್ಲಿ ಸುಮಾರು 2.8. ಅಂದ್ರೆ ಅರ್ಧ. ಆದರೆ ನಮ್ಮ ಮನೆಯಲ್ಲಿ ಹೀಟರ್ ಇಲ್ಲ, ಎಸಿ ಇಲ್ಲ. ಶಾಖ ಉಳಿಸಿ ಏನು ಮಾಡೋದು?

ವಿಷಯ ಇರೋದು ಗಾಜು ಬೆವರೋದರಲ್ಲಿ. ಹೊರಗೆ 17 ಡಿಗ್ರಿ, ಒಳಗೆ 22 ಡಿಗ್ರಿ, ಒಳಗಿನ ತೇವ ಶೇ 85 ಅಂತ ಇಟ್ಟುಕೊಳ್ಳಿ. ಆ ಗಾಳಿ ಸುಮಾರು 19.4 ಡಿಗ್ರಿಗಿಂತ ತಣ್ಣಗಿರೋ ಯಾವುದನ್ನು ಮುಟ್ಟಿದರೂ ನೀರಾಗುತ್ತೆ. ಒಂಟಿಗಾಜಿನ ಒಳಮೈ ಸುಮಾರು 18.3 ಡಿಗ್ರಿ. ಬೆವರುತ್ತೆ, ನೀರು ಇಳಿದು ಕೆಳಗಿರೋ ಬಟ್ಟೆಗೆ ಬೀಳುತ್ತೆ. ಜೋಡಿಗಾಜಿನ ಒಳಮೈ ಸುಮಾರು 20.2. ಒಣಗಿರುತ್ತೆ. ಈ ಎರಡು ಡಿಗ್ರಿಗೋಸ್ಕರವೇ ಇಷ್ಟೆಲ್ಲ.

ಪೂರ್ತಿ ಸತ್ಯ ಹೇಳ್ತೀನಿ: ತೇವ ಶೇ 95 ಆದರೆ ಜೋಡಿಗಾಜೂ ಬೆವರುತ್ತೆ. ಅದಕ್ಕೆ ಬೇರೆ ಉಪಾಯ ಬೇಕು, ಒಂಬತ್ತನೇ ಭಾಗದಲ್ಲಿದೆ. ಇನ್ನೊಂದು ಮಾತು. ಹೊಸ ಜೋಡಿಗಾಜು ಕೊಂಡು ನಮ್ಮಂಥ ಶೆಡ್ಡಿಗೆ ಹಾಕ್ತೀನಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳ್ತೀನಿ, ದುಡ್ಡು ದಂಡ. ಹಳೇದು ಸಿಕ್ಕರೆ ಮಾತ್ರ ಲೆಕ್ಕ ಹೊಂದುತ್ತೆ.

4/10

ಹಳೇದು ಸಿಗುತ್ತಾ? ಸಿಗುತ್ತೆ. ಬೆಂಗಳೂರಲ್ಲಿ ಆಫೀಸುಗಳು ಜಾಗ ಬದಲಿಸಿದಾಗ ಒಳಗಿನದ್ದೆಲ್ಲ ಕಿತ್ತು ಹಾಕ್ತಾರೆ. ಅಲ್ಯೂಮಿನಿಯಂ ಚೌಕಟ್ಟು ಗುಜರಿಗೆ ತೂಕಕ್ಕೆ ಹೋಗುತ್ತೆ. ಗಾಜಿಗೆ ಗಿರಾಕಿ ಇಲ್ಲ. ಜೋಡಿಗಾಜಿನಲ್ಲಿ ಅಂಟು, ಲೋಹ, ಕಾಳು ಎಲ್ಲ ಕೂಡಿರೋದರಿಂದ ಕರಗಿಸೋರಿಗೂ ಅದು ತಲೆನೋವು. ಒಡೆದು ಸುರಿಯೋದು ಸುಲಭ. ಪರಿಚಯದ ಒಬ್ಬರು ಕೀಳುವ ಕೆಲಸದಲ್ಲಿದ್ದರು. ಒಂದಕ್ಕೆ 700 ರೂಪಾಯಿ ಹೇಳಿದರು.

ಕೊಳ್ಳೋ ಮುಂಚೆ ಇಷ್ಟು ನೋಡಿ (ಸೇವ್ ಮಾಡಿಟ್ಟುಕೊಳ್ಳಿ):

ಒಂದು, ಟಾರ್ಚ್. ಫೋನಿನ ಟಾರ್ಚನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿಯಿರಿ. ಒಂದೊಂದು ಗಾಜಿಗೆ ಎರಡು ಮೈ, ಹಾಗಾಗಿ ನಾಲ್ಕು ಬೆಳಕಿನ ಚುಕ್ಕಿ ಕಾಣಬೇಕು. ಒಂದು ಚುಕ್ಕಿಯ ಬಣ್ಣ ಮಾತ್ರ ಬೇರೆ ಇದ್ದರೆ ಆ ಮೈಗೆ ಶಾಖ ತಡೆಯೋ ಲೇಪನ ಇದೆ ಅಂತ ಅರ್ಥ.

ಎರಡು, ಮಸುಕು. ಎರಡೂ ಕಡೆ ಬಟ್ಟೆಯಿಂದ ಒರೆಸಿ. ಆದರೂ ಮಸುಕು ಉಳಿದರೆ ಅದು ಒಳಗಿನದು, ಸೀಲ್ ಹೋಗಿದೆ. ಸಂಶಯ ಇದ್ದರೆ ಐಸ್ ತುಂಡು ಹತ್ತು ನಿಮಿಷ ಒತ್ತಿ ಹಿಡಿದು ಒಳಮೈ ನೋಡಿ.

ಮೂರು, ಮುದ್ರೆ. ಮೂಲೆಯಲ್ಲಿ ಐಎಸ್ 2553 ಅಂತ ಇದ್ದರೆ ಸುರಕ್ಷಾ ಗಾಜು. ಹದಗೊಳಿಸಿದ್ದಾದರೆ ಒಡೆದಾಗ ಕತ್ತಿಯಂಥ ಚೂರಾಗದೆ ಸಣ್ಣ ಹರಳಾಗುತ್ತೆ.

ನಾಲ್ಕು, ಹುಟ್ಟಿದ ದಿನ. ಸ್ಪೇಸರ್ ಪಟ್ಟಿ ಮೇಲೆ ಎಷ್ಟೋ ಸಲ ತಯಾರಾದ ತಿಂಗಳು, ವರ್ಷ ಮುದ್ರಿಸಿರ್ತಾರೆ. ಸೀಲ್‌ನ ಆಯುಸ್ಸು ಸಾಮಾನ್ಯವಾಗಿ 15ರಿಂದ 25 ವರ್ಷ. ಉಳಿದದ್ದೆಷ್ಟು ಅಂತ ಕಳೆದು ನೋಡಿ.

ಐದನೇ ಪರೀಕ್ಷೆ ಅಮ್ಮಂದು. "ಆಫೀಸಿನ ಗಾಜು ಕಪ್ಪಗಿರುತ್ತಲ್ಲ, ಅದರಲ್ಲಿ ಏನು ಕಾಣುತ್ತೆ?" ಅಂತ ಕೇಳಿ, ಎರಡು ದಾರದ ಉಂಡೆ ನನ್ನ ಜೇಬಿಗೆ ಹಾಕಿದ್ದರು. ಒಂದು ಕಪ್ಪು, ಒಂದು ನೇವಿ ನೀಲಿ. "ಗಾಜಿನ ಹಿಂದೆ ಹಿಡಿ. ಎರಡೂ ಬೇರೆ ಬೇರೆ ಅಂತ ಕಂಡ್ರೆ ಮಾತ್ರ ತಗೊಂಡು ಬಾ." ಅಲ್ಲಿ ಎರಡು ರಾಶಿ ಇತ್ತು. ಬೂದು ಬಣ್ಣದ ರಾಶಿ ಹೊಳೀತಿತ್ತು, ನೋಡೋಕೆ ಚೆಂದ. ಅದರ ಹಿಂದೆ ಎರಡು ದಾರವೂ ಕಪ್ಪೇ. ಬಿಳಿ ರಾಶಿಯಿಂದ ಐದು ಆರಿಸಿದೆ. ನಾಲ್ಕು ಸ್ವಚ್ಛ. ಒಂದು ಮಸುಕಾಗಿತ್ತು, ಅದನ್ನು ಅರ್ಧ ಬೆಲೆಗೆ ಕೊಟ್ಟರು.

5/10

ಗಾಜು ಬೆಟ್ಟ ಹತ್ತಿದ ಕಥೆ.

ಒಂದೊಂದರ ಅಳತೆ 1,180 × 880 ಮಿಲಿಮೀಟರ್. ಗಾಜಿನ ತೂಕಕ್ಕೆ ಸುಲಭ ಲೆಕ್ಕ ಇದೆ: ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ಇವು 6 ಮತ್ತು 6 ಮಿಲಿಮೀಟರಿನ ಜೋಡಿ. ಹಾಗಾಗಿ ಒಂದಕ್ಕೆ ಸುಮಾರು 31 ಕಿಲೋ. ಇಬ್ಬರು ಹಿಡಿಯಲೇಬೇಕು, ಕೈಗವಸು ಹಾಕಲೇಬೇಕು.

ತರಕಾರಿ ಇಳಿಸಿ ಖಾಲಿ ವಾಪಸಾಗೋ ಪಿಕಪ್ ಒಂದರಲ್ಲಿ ತಂದೆವು. ಗಾಜನ್ನು ಯಾವತ್ತೂ ಮಲಗಿಸಿ ಸಾಗಿಸಬಾರದು. ಮಲಗಿಸಿದರೆ ತನ್ನ ಭಾರಕ್ಕೇ ಬಾಗುತ್ತೆ, ಹಳ್ಳ ಬಂದಾಗ ಬಿರುಕು. ನಿಲ್ಲಿಸಿ, ಚೂರು ಓರೆಯಾಗಿ ಒರಗಿಸಿ, ನಡುನಡುವೆ ಕಾಫಿ ಗೋಣಿಚೀಲ ಮಡಚಿಟ್ಟು, ಹಗ್ಗದಿಂದ ಬಿಗಿದೆವು.

ಈಗ ನಿಮಗೊಂದು ಪ್ರಶ್ನೆ. ತರೀಕೆರೆಯಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಮೇಲೆ ಹೋಗೋಷ್ಟರಲ್ಲಿ ದಿಂಬಿನ ಹಾಗೆ ಉಬ್ಬಿರೋದು ನೋಡಿದ್ದೀರಾ? ಒಳಗಿನ ಗಾಳಿ ಕೆಳಗಿನದು, ಹೊರಗಿನ ಗಾಳಿ ಮೇಲಿನದು. ಮೇಲೆ ಒತ್ತಡ ಕಡಿಮೆ, ಅದಕ್ಕೆ ಉಬ್ಬುತ್ತೆ. ಜೋಡಿಗಾಜೂ ಹೀಗೇ ಒಂದು ಮುಚ್ಚಿದ ಪ್ಯಾಕೆಟ್. ಬೆಂಗಳೂರು ಸುಮಾರು 920 ಮೀಟರ್, ನಾವು 1,300. ಗಾಳಿಯ ಒತ್ತಡದಲ್ಲಿ ಶೇ 4ರಿಂದ 5ರಷ್ಟು ವ್ಯತ್ಯಾಸ. ಗಾಜು ಇಳಿಸಿದ ಮೇಲೆ ಉದ್ದದ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ನೋಡಿದೆ. ನಡುವೆ ತಾಗುತ್ತೆ, ಅಂಚಿನಲ್ಲಿ ವಿಸಿಟಿಂಗ್ ಕಾರ್ಡ್ ನುಸುಳೋಷ್ಟು ಸಂದು. ಅಷ್ಟಕ್ಕೆ ಏನೂ ಆಗಲ್ಲ. ಇಷ್ಟು ದೊಡ್ಡ ಗಾಜು ಬಾಗಿ ಹೊಂದಿಕೊಳ್ಳುತ್ತೆ. ಸಮುದ್ರಮಟ್ಟದ ಊರಿಂದ ಗಿರಿಧಾಮಕ್ಕೆ ತರೋರು ಮಾತ್ರ ಹುಷಾರಾಗಿರಬೇಕು. ಅದರಲ್ಲೂ ಸಣ್ಣ ಅಳತೆಯ ಗಾಜು ಬಾಗೋದಿಲ್ಲ, ಒತ್ತಡವೆಲ್ಲ ಸೀಲ್ ಮೇಲೇ ಬೀಳುತ್ತೆ. ಅಂಥ ಎತ್ತರಕ್ಕೆ ಹೋಗೋ ಹೊಸ ಗಾಜಿಗೆ ತಯಾರಕರು ಸೂಜಿಯಷ್ಟು ಸಣ್ಣ ನಳಿಕೆ ಇಟ್ಟು ಗಾಳಿ ಸಮ ಮಾಡೋದೂ ಇದೆ.

6/10

"ಗುಜರಿ ತಂದು ಮನೆ ಕಟ್ತಿದ್ದಾರೆ" ಅಂತ ಪಕ್ಕದ ತೋಟದ ಒಬ್ಬರು ಅಂದರಂತೆ. ಅಮ್ಮ ನಕ್ಕು ಸೂರು ತೋರಿಸಿದರು. ನಮ್ಮ ಮನೆ ಮೇಲಿರೋ ಮಂಗಳೂರು ಹಂಚು ಅಜ್ಜನ ಕಾಲದಲ್ಲಿ ತೋಟದ ಹಳೇ ಲೈನ್ ಮನೆ ಕಿತ್ತಾಗ ಬಂದದ್ದು. ಅದಕ್ಕೂ ಮುಂಚೆ ಯಾವ ಸೂರಿನ ಮೇಲಿತ್ತೋ!

ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವತ್ತಿಂದ ಇವತ್ತಿನವರೆಗೆ ಮಲೆನಾಡಲ್ಲಿ ಹಂಚು ಒಂದು ಸೂರಿಂದ ಇನ್ನೊಂದು ಸೂರಿಗೆ ಹೋಗ್ತಾನೇ ಇದೆ. ಬಾಗಿಲು, ದಾರಂದ, ಕಂಬ, ತೊಲೆ, ಎಲ್ಲ ಹಾಗೇ. ಮನೆ ಕಿತ್ತರೆ ಮೊದಲು ಕೇಳೋದು "ಬಾಗಿಲು ಯಾರಿಗೆ?" ಅಂತ.

ಮಣಿಪಾಲದ ಹಸ್ತಶಿಲ್ಪ ನೋಡಿದ್ದೀರಾ? ವಿಜಯನಾಥ ಶೆಣೈ ಅನ್ನೋರು, ಬ್ಯಾಂಕ್ ಉದ್ಯೋಗಿ. ಹಳೇ ಮನೆಗಳನ್ನು ಒಡೆದು ಮರ ಮಾರ್ತಿದ್ದ ಕಾಲದಲ್ಲಿ ಕಂಬ, ಬಾಗಿಲು, ಕಿಟಕಿ ಉಳಿಸಿ ಕೂಡಿಸಿದರು. ಅವುಗಳಿಂದಲೇ ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಒಂದು ಪಾರಂಪರಿಕ ಗ್ರಾಮವನ್ನೇ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡರು. ಅವರು ಉಳಿಸಿದ್ದು ಕೆತ್ತನೆಯ ಮರ, ನೂರಾರು ವರ್ಷ ಬಾಳೋದು. ನಾವು ತಂದದ್ದು ಇನ್ನು ಹತ್ತು ಹದಿನೈದು ವರ್ಷ ಬಾಳೋ ಆಫೀಸ್ ಗಾಜು. ಹೋಲಿಸೋಕಾಗಲ್ಲ. ಆದರೆ ಕೇಳೋ ಪ್ರಶ್ನೆ ಒಂದೇ: ಇದರಲ್ಲಿ ಇನ್ನೂ ಎಷ್ಟು ಕೆಲಸ ಉಳಿದಿದೆ?

ನಮ್ಮ ಊರಿನ ಹೆಸರೇ ಕೆಂಪು ಮಣ್ಣಿನ ಗುಂಡಿ. 1923ರಲ್ಲಿ ಕಬ್ಬಿಣ ತೆಗೆಯೋಕೆ ಶುರು ಮಾಡಿದ ಭದ್ರಾವತಿ ಕಾರ್ಖಾನೆಗೆ ಅದಿರು ಇಳಿದದ್ದು ಈ ಬೆಟ್ಟದಿಂದ. ಬೆಟ್ಟದಿಂದ ಕೆಳಗೆ ಹೋದದ್ದು ಬಹಳ. ಐದು ಗಾಜು ಮೇಲೆ ಬಂದರೆ ಯಾರಿಗೂ ನಷ್ಟವಿಲ್ಲ.

7/10

ಈ ಭಾಗ ಕ್ಲಾಸಿನವರಿಗೆ, ಗಮನ ಇಟ್ಟು ಓದಿ.

ಶೆಡ್ಡಿನ ಪ್ಲಾನ್ ಮೊದಲು 12 ಅಡಿ ಉದ್ದ, 10 ಅಡಿ ಅಗಲ ಅಂತಿತ್ತು. ಮೇಸ್ತ್ರಿ ಬಂದು "ಕಿಟಕಿಗೆ ನಾಲ್ಕಡಿ ಮೂರಡಿ ಜಾಗ ಬಿಡ್ತೀನಿ, ಗಾಜು ಆಮೇಲೆ ಕತ್ತರಿಸಿ ಕೂರಿಸಿ" ಅಂದರು. ಸಾದಾ ಗಾಜಾದರೆ ಸರಿ. ಹದಗೊಳಿಸಿದ ಗಾಜಿಗೆ ಕಟರ್ ತಾಗಿಸಿದರೆ ಪೂರ್ತಿ ಪುಡಿ. ಜೋಡಿಗಾಜಂತೂ ಸುತ್ತ ಸೀಲ್ ಆಗಿರೋದು, ಅಂಚು ಕತ್ತರಿಸಿದರೆ ಜೋಡಿಯೇ ಉಳಿಯಲ್ಲ. ಅದರ ಅಳತೆ ಬದಲಾಗಲ್ಲ, ಬದಲಾಗಬೇಕಾದ್ದು ನಮ್ಮ ಗೋಡೆ.

ಹೀಗಾಗಿ ಗಾಜಿನಿಂದ ಲೆಕ್ಕ ಶುರು ಮಾಡಿದೆ. 1,180ಕ್ಕೆ ಎರಡೂ ಬದಿ 5 ಮಿಲಿಮೀಟರ್ ಸಡಿಲ, ಅಂದ್ರೆ 1,190. ಮೂರು ಗಾಜು, ನಾಲ್ಕು ಕಂಬ, ಕಂಬ ಒಂದೊಂದು 100. ಕೂಡಿದರೆ 3,970 ಮಿಲಿಮೀಟರ್, ಸುಮಾರು 13 ಅಡಿ. ಶೆಡ್ಡು ಒಂದಡಿ ಉದ್ದವಾಯ್ತು. ಅಡಿಪಾಯ ಹಾಕೋ ಮುಂಚೆ ಮಾಡಿದ ಲೆಕ್ಕ, ಹಾಗಾಗಿ ಒಂದು ಕಲ್ಲೂ ದಂಡವಾಗಲಿಲ್ಲ. ಹಳೇ ಸಾಮಾನಿನಲ್ಲಿ ಕಟ್ಟೋದಾದರೆ ಇದೊಂದೇ ನಿಯಮ: ಕಿಟಕಿ ಮೊದಲು ಮನೆಗೆ ಬರಲಿ, ಗೋಡೆ ಆಮೇಲೆ ಏಳಲಿ.

ಕಂಬಗಳೇ ಚೌಕಟ್ಟು. ಕಳಚಿದ ಹಳೇ ಕೊಟ್ಟಿಗೆಯ ಹಲಸಿನ ತೊಲೆ, ಗೆದ್ದಲಿಗೂ ಮಳೆಗೂ ತಡೆಯುತ್ತೆ. ಅದರಲ್ಲಿ ಗಾಡಿ ಹೊಡೆದು ಗಾಜು ಕೂರಿಸಿ, ಮುಂದೆ ಮರದ ಪಟ್ಟಿ ಬಡಿದದ್ದು.

ಕೂರಿಸುವಾಗ ಮರೀಬಾರದ್ದು:

ಗಾಜು ನೇರ ಮರದ ಮೇಲೆ ಕೂರಬಾರದು. ಕೆಳಗೆ ಎರಡು ರಬ್ಬರ್ ತುಂಡು, ಎರಡೂ ತುದಿಯಿಂದ ಕಾಲು ಭಾಗ ಒಳಗೆ.

ಕೆಳಪಟ್ಟಿಯಲ್ಲಿ ನೀರು ಹೊರಹೋಗೋಕೆ ತೂತು ಬೇಕೇ ಬೇಕು. ಜೋಡಿಗಾಜು ಹಾಳಾಗೋದು ಅಂಚು ನೀರಲ್ಲಿ ನೆನೆದಾಗ.

ವಿನೆಗರ್ ವಾಸನೆ ಬರೋ ಸಿಲಿಕೋನ್ ಬೇಡ, ಸೀಲ್‌ಗೆ ತೊಂದರೆ. ನ್ಯೂಟ್ರಲ್ ಅಂತ ಕೇಳಿ ತನ್ನಿ.

ಅಂಚಿನ ಕಪ್ಪು ಅಂಟು ಬಿಸಿಲಿಗೆ ಕಾಣಬಾರದು. ಮುಂದಿನ ಮರದ ಪಟ್ಟಿ ಅದನ್ನು ಪೂರ್ತಿ ಮುಚ್ಚಬೇಕು.

8/10

ಯಾವ ದಿಕ್ಕಿಗೆ?

ನಮ್ಮ ಕಡೆ ಮಳೆ ಹೊಡೆಯೋದು ನೈಋತ್ಯದಿಂದ. ಆ ಕಡೆ ಗೋಡೆ ಪೂರ್ತಿ ಮುಚ್ಚಿದೆ, ಅದರ ಮೇಲೆ ಬರೀ ಬಟ್ಟೆ ಇಡೋ ಹಲಗೆ. ಮೂರು ಗಾಜು ಉತ್ತರಕ್ಕೆ, ಒಂದು ಪೂರ್ವಕ್ಕೆ. ಮಸುಕಾದ ಐದನೆಯದು ಬಾಗಿಲ ಪಕ್ಕ, ಬಟ್ಟೆ ಕತ್ತರಿಸೋ ಮೇಜಿನ ಹತ್ತಿರ. ಅದರಲ್ಲಿ ಹೊರಗಡೆ ಏನೂ ಕಾಣಲ್ಲ, ಆದರೆ ಬೆಳಕು ಹಾಲಿನ ಹಾಗೆ ಮೆದುವಾಗಿ ಹರಡುತ್ತೆ. ಸೀಲ್ ಹೋಗಿದೆ ಅಂತ ಯಾರೂ ಬೇಡ ಅಂದ ಗಾಜು, ಅಮ್ಮನಿಗೆ ಈಗ ಅದೇ ಇಷ್ಟ. ಚಾಕ್ ಗೆರೆ ಅಲ್ಲೇ ಚೆನ್ನಾಗಿ ಕಾಣುತ್ತಂತೆ.

ಪುಸ್ತಕದಲ್ಲಿ "ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳಲ್ಲ" ಅಂತ ಓದಿರ್ತೀರಿ. ಅದು ದೂರದ ಉತ್ತರದ ದೇಶಗಳ ಮಾತು. ನಾವಿರೋದು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ. ಮೇ ತಿಂಗಳ ಬಿಸಿಲು ಬಣ್ಣದ ಬಟ್ಟೆ ಮೇಲೆ ಬಿದ್ದರೆ ಬಣ್ಣ ಮಾಸುತ್ತೆ. ಅದಕ್ಕೆ ಸೂರನ್ನು ಮೂರಡಿ ಹೊರಗೆ ಚಾಚಿದ್ದೀವಿ. ಸೂರ್ಯ ಆಗ ತುಂಬ ಮೇಲಿರೋದರಿಂದ ಅಷ್ಟು ನೆರಳು ಸಾಕು. ಸೂರಿನ ನೀರೂ ಗಾಜಿಗೆ ಸಿಡಿಯಲ್ಲ.

ಕಿಟಕಿಯ ಕೆಳ ಅಂಚು ನೆಲದಿಂದ ಎರಡೂವರೆ ಅಡಿ, ಮಷಿನ್ನಿನ ಮೇಜಿನ ಎತ್ತರಕ್ಕೆ ಸಮ. ಬೆಳಕು ಎಡಗಡೆಯಿಂದ ಬರೋ ಹಾಗೆ ಮಷಿನ್ ಇಟ್ಟಿದ್ದೀವಿ. ಸೂಜಿ ಇರೋದು ಎಡಗಡೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳಲಿಲ್ಲ, ಮೂವತ್ತು ವರ್ಷ ಹೊಲಿದವರು ಹೇಳಿದರು. ನೀವು ಯಾರಿಗಾದರೂ ಏನಾದರೂ ಕಟ್ಟಿಕೊಡುವಾಗ ಮೊದಲು ಅವರು ಕೂತು ಕೆಲಸ ಮಾಡೋದನ್ನು ಒಂದು ದಿನ ಪೂರ್ತಿ ನೋಡಿ.

9/10

ಎಲ್ಲ ಮುಚ್ಚಿದ ಮೇಲೆ ಬರೋ ಅಪಾಯ. ದಯವಿಟ್ಟು ಇದನ್ನು ಬಿಡಬೇಡಿ.

ಅಮ್ಮನ ಇಸ್ತ್ರಿಪೆಟ್ಟಿಗೆ ಕೆಂಡದ್ದು. ಕರೆಂಟು ಇಲ್ಲದ ಊರಿಗೆ ಅದೇ ಸರಿ. ಹಳೇ ಮನೆಯಲ್ಲಿ ಹಂಚಿನ ಸಂದು, ಕಿಟಕಿ ಸಂದು, ಎಲ್ಲ ಕಡೆಯಿಂದ ಗಾಳಿ ಆಡ್ತಿತ್ತು. ಹೊಸ ಶೆಡ್ಡಲ್ಲಿ ಗಾಜು ಬಿಗಿ. ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ನಿದ್ದೆ ಬಂದ ಹಾಗೆ ಆಗಿ ಪ್ರಾಣವೇ ಹೋಗಬಹುದು. ಚಳಿಗೆ ಅಗ್ಗಿಷ್ಟಿಕೆ ಒಳಗಿಟ್ಟು ಮಲಗೋದೂ ಇದೇ ಅಪಾಯ. ಹಾಗಾಗಿ ಮೊದಲ ದಿನವೇ ಮಾತಾಯ್ತು: ಕೆಂಡ ಶೆಡ್ಡಿನ ಹೊಸ್ತಿಲು ದಾಟೋ ಹಾಗಿಲ್ಲ. ಇಸ್ತ್ರಿ ಮೇಜು ಹೊರಗೆ, ಸೂರಿನ ಕೆಳಗೆ.

ಎರಡನೆಯದು ತೇವ. ಉಸಿರಾಡಿದರೂ ತೇವ, ಒದ್ದೆ ಛತ್ರಿ ತಂದರೂ ತೇವ. ಅದಕ್ಕೆ ಗೋಡೆಯ ಮೇಲ್ತುದಿಯಲ್ಲಿ, ಸೂರಿನ ಕೆಳಗೆ, ಎದುರುಬದುರು ಗವಾಕ್ಷಿ ಬಿಟ್ಟಿದ್ದೀವಿ. ಅಂಗೈ ಅಗಲದ ಸಂದು, ಸೊಳ್ಳೆ ಜಾಲರಿ ಬಡಿದದ್ದು. ಬೆಚ್ಚಗಿನ ಒದ್ದೆ ಗಾಳಿ ಮೇಲಿಂದ ಹೋಗುತ್ತೆ, ಮಳೆ ಒಳಗೆ ಬರಲ್ಲ. ಗಾಳಿ ನಿಂತು ತೇವ ಶೇ 95 ದಾಟಿದ ದಿನ ಗಾಜು ಬೆವರುತ್ತೆ. ಆಗ ಅಮ್ಮ ಹಳೇ ಬನಿಯನ್ನಿಂದ ಒರೆಸ್ತಾರೆ. ಅಂಥ ದಿನ ಒಂದು ಮಳೆಗಾಲದಲ್ಲಿ ನಾಲ್ಕೈದು.

ಮೂರನೆಯದು ಹಕ್ಕಿ. ನಮ್ಮ ಸುತ್ತ ಮರ, ಆಚೆ ಕಾಡು. ಗಾಜಿನಲ್ಲಿ ಮರದ ಪ್ರತಿಬಿಂಬ ಕಂಡು ಹಕ್ಕಿ ನೇರ ಹಾರಿ ಬಂದು ಬಡಿದುಕೊಳ್ಳುತ್ತೆ. ಗಾಜು ಕೂರಿಸಿದ ವಾರದಲ್ಲೇ ಒಂದು ಪಿಕಳಾರ ಬಡಿದು ಬಿತ್ತು. ಕತ್ತಲೆ ಡಬ್ಬಿಯಲ್ಲಿ ಅರ್ಧ ಗಂಟೆ ಇಟ್ಟ ಮೇಲೆ ಹಾರಿಹೋಯ್ತು. ಅವತ್ತೇ ಅಮ್ಮ ಲಾಡಿ ಹುರಿ ತೆಗೆದು ಗಾಜಿನ ಹೊರಗೆ ನಾಲ್ಕು ಇಂಚಿಗೊಂದರಂತೆ ಮೇಲಿಂದ ಕೆಳಕ್ಕೆ ಇಳಿಬಿಟ್ಟರು. ಹುರಿ ಹೊರಗಡೆಯೇ ಇರಬೇಕು, ಒಳಗಿದ್ದರೆ ಪ್ರತಿಬಿಂಬದಲ್ಲಿ ಕಾಣಲ್ಲ. ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದರೆ ಸಾಲಲ್ಲ. ಹಕ್ಕಿ ಅದರ ಪಕ್ಕದಲ್ಲಿ ನುಗ್ಗೋಕೆ ನೋಡುತ್ತೆ. ಹುರಿ ಕಟ್ಟಿದ ಮೇಲೆ ಇನ್ನೂ ಯಾವುದೂ ಬಡಿದಿಲ್ಲ.

10/10

ಲೆಕ್ಕ ಕೇಳಿದೋರಿಗೆ ಲೆಕ್ಕ. ನಾಲ್ಕು ಗಾಜಿಗೆ 2,800, ಮಸುಕಿನದಕ್ಕೆ 350. ಒಟ್ಟು 3,150. ಪಿಕಪ್ಪಿನವರಿಗೆ ಡೀಸೆಲ್ ಅಂತ 1,500. ರಬ್ಬರ್, ಸಿಲಿಕೋನ್, ಮೊಳೆ ಸೇರಿ 900 ಚಿಲ್ಲರೆ. ಹಲಸಿನ ಮರ ನಮ್ಮದೇ. ಗೋಡೆ, ಸೂರು, ಮೇಸ್ತ್ರಿ ಕೂಲಿ ಬೇರೆ. ಅದು ಯಾವ ಕಿಟಕಿ ಹಾಕಿದರೂ ಆಗೋ ಖರ್ಚೇ.

ಗಾಜು ಎಷ್ಟು ದಿನ ಬಾಳುತ್ತೆ? ಸ್ಪೇಸರ್ ಮೇಲಿನ ವರ್ಷ ನೋಡಿದರೆ ಇನ್ನೂ ಹತ್ತು ವರ್ಷ ಸಿಗಬಹುದು. ಆಮೇಲೆ ಒಂದೊಂದಾಗಿ ಮಸುಕಾಗುತ್ತೆ. ಮಸುಕಾದರೂ ಬೆಳಕು ಕೊಡುತ್ತೆ ಅನ್ನೋದು ಐದನೇ ಗಾಜಿನಿಂದ ಗೊತ್ತಾಗಿದೆ. ಪಟ್ಟಿ ಬಿಚ್ಚಿದರೆ ಗಾಜು ಹೊರಬರೋ ಹಾಗೇ ಕೂರಿಸಿದ್ದೀವಿ. ಮುಂದೆ ಯಾರಾದರೂ ಇದನ್ನು ಬಿಚ್ಚಿ ಇನ್ನೆಲ್ಲಾದರೂ ಒಯ್ಯಬಹುದು.

ಈ ವರ್ಷದ ಜೂನ್‌ನಲ್ಲಿ ಒಮ್ಮೆ ಐದು ದಿನ ಪೂರ್ತಿ ಕರೆಂಟು ಇರಲಿಲ್ಲ. ಆ ಐದೂ ದಿನ ಅಮ್ಮ ಬೆಳಿಗ್ಗೆ ಏಳೂವರೆಗೆ ಕೂತು ಸಂಜೆ ಐದೂವರೆವರೆಗೆ ತುಳಿಯೋ ಮಷಿನ್ನಿನಲ್ಲಿ ಹೊಲಿದರು. ಹೊರಗೆ ಹತ್ತಡಿ ಆಚೆಯ ಸಿಲ್ವರ್ ಓಕ್ ಮರ ಕಾಣದಷ್ಟು ಮಂಜು. ಸಂಜೆ ಆರರ ಮೇಲೆ ಕತ್ತಲೆ ಕತ್ತಲೆಯೇ, ಗಾಜು ಪವಾಡ ಮಾಡಲ್ಲ. ಆದರೆ ಹಗಲು ಪೂರ್ತಿ ಹಗಲಾಗಿತ್ತು.

ಆ ಹನ್ನೊಂದು ಮನೆಯಲ್ಲಿ ಏಳು ಮನೆಯವರು ವಾಪಸ್ ಬಂದರು. ನಾಲ್ಕು ಮನೆಯವರು ಇನ್ನೂ ತರೀಕೆರೆಗೇ ಹೋಗ್ತಿದ್ದಾರೆ. ಈ ಸಲ ಯಾರ ಬಟ್ಟೆಯನ್ನೂ ಹೊಲಿಯದೇ ವಾಪಸ್ ಕೊಟ್ಟಿಲ್ಲ. ಬೂಷ್ಟು ಹಿಡಿದದ್ದು ಒಂದೂ ಇಲ್ಲ.

ನಿಮ್ಮ ಊರಲ್ಲಿ, ನಿಮ್ಮ ಆಫೀಸಲ್ಲಿ, ಅಪ್ಪ ಕೆಲಸ ಮಾಡೋ ಸೈಟಲ್ಲಿ ಗಾಜು ಕೀಳ್ತಿದ್ದಾರೆ ಅಂತ ಗೊತ್ತಾದರೆ, ಒಡೆಯೋ ಮುಂಚೆ ಒಂದು ಮಾತು ಕೇಳಿ. ಅಳತೆ ಬರೆದುಕೊಳ್ಳಿ, ಮೂಲೆಯ ಮುದ್ರೆಯ ಫೋಟೊ ತೆಗೆಯಿರಿ, ಹಿಂದೆ ಕಪ್ಪು ದಾರ, ನೀಲಿ ದಾರ ಹಿಡಿದು ನೋಡಿ. ಎರಡೂ ಬೇರೆ ಬೇರೆ ಕಂಡರೆ ನನಗೊಂದು ಮೆಸೇಜ್ ಹಾಕಿ. ನಮ್ಮ ದಾರಿಯಲ್ಲಿ ಇನ್ನೂ ಇಬ್ಬರು ಟೈಲರ್ ಇದ್ದಾರೆ. ಅವರು ಗೋಡೆ ಇನ್ನೂ ಎತ್ತಿಲ್ಲ.

#ಕೆಮ್ಮಣ್ಣುಗುಂಡಿ #ಮಲೆನಾಡು #ಜೋಡಿಗಾಜು #ಹಳೇಕಿಟಕಿ #ತರೀಕೆರೆ #ಕನ್ನಡಕ್ಯಾಪ್ಶನ್